ಹಲ್ಲಿಗೊಂದು ಗಟ್ಟಿಮೇಳ

ಹೊಸದುರ್ಗದ ಗರಡಿಮನೆಯ ಏಕಾಂತಪ್ಪನಿಗೆ ಹೆದರಿಕೆ ಎಂದರೆ ಏನೆಂದೇ ಗೊತ್ತಿಲ್ಲ ಎಂದು ಊರವರು ಹೇಳುತ್ತಿದ್ದರು. ಊರವರಿಗೇನು, ಹೇಳುತ್ತಾರೆ. ದುರ್ಗದಿಂದ ಬಂದ ಪೈಲ್ವಾನನಿಗೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮಣ್ಣು ಮುಕ್ಕಿಸಿದವನು, ಸಂತೆಗೆ ನುಗ್ಗಿದ ಹೋರಿಯ ಕೊಂಬು ಹಿಡಿದು ಹಿಂದಕ್ಕೆ ತಳ್ಳಿದವನು, ಇವೆಲ್ಲ ನಿಜವೇ. ಆದರೆ ಪ್ಲೇಗಿನ ವರ್ಷ ಸೂಜಿ ಚುಚ್ಚುವವರು ಬಂದಾಗ ಇದೇ ಪೈಲ್ವಾನ ಅಟ್ಟದ ಮೇಲಿನ ಕೊಬ್ಬರಿ ರಾಶಿಯಲ್ಲಿ ಕತ್ತಿನವರೆಗೆ ಹೂತುಕೊಂಡು ಒಂದು ಹಗಲು ಪೂರ್ತಿ ಕೂತಿದ್ದ ಎನ್ನುವುದು ಅವನ ತಾಯಿ ಪಾರ್ವತಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೆತ್ತ ಕರುಳು, ಆಕೆ ಬಾಯಿ ಬಿಟ್ಟಿರಲಿಲ್ಲ.

ಸೂಜಿಗಿಂತ ದೊಡ್ಡ ಹೆದರಿಕೆ ಅವನಿಗೆ ಇಕ್ಕಳದ್ದು. ಏಳು ವರ್ಷದವನಿದ್ದಾಗ ಕಮ್ಮಾರನ ಕುಲುಮೆಯ ಮುಂದೆ ತಾತನ ಹಲ್ಲು ಕೀಳಿಸಿದ್ದನ್ನು ಕಣ್ಣಾರೆ ಕಂಡಿದ್ದ. ಕಮ್ಮಾರ ಗಾಡಿಯ ಮೊಳೆ ಕೀಳುವ ಇಕ್ಕಳವನ್ನು ಪಂಚೆಗೆ ಒರೆಸಿಕೊಂಡು, ತಾತನ ಎದೆಯ ಮೇಲೆ ಮೊಣಕಾಲೂರಿ, ಮೊದಲ ಸಲ ಹುಳುಕು ಹಲ್ಲಿನ ಈಚೆಯದನ್ನು ಕಿತ್ತ. ಎರಡನೆಯ ಸಲ ಆಚೆಯದನ್ನು ಕಿತ್ತ. ಮೂರನೆಯ ಸಲಕ್ಕೆ ಗುರಿ ಹಿಡಿಯುವಷ್ಟರಲ್ಲಿ ತಾತನೇ ಎದ್ದು ಓಡಿದ್ದ. ಅಂದಿನಿಂದ ಮೊಮ್ಮಗ ಕುಲುಮೆಯ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟ.

ಇಂಥವನಿಗೆ, ಮದುವೆ ಇನ್ನು ಒಂಬತ್ತೇ ದಿನ ಇದೆ ಎನ್ನುವಾಗ, ಎಡದವಡೆಯ ಕಟ್ಟಕಡೆಯಲ್ಲಿ ಒಂದು ಹಲ್ಲು ತಲೆಯೆತ್ತಿತು.

ನಾಲ್ವಡಿಯವರು ಪಟ್ಟಕ್ಕೆ ಬಂದು ಆರೇಳು ವರ್ಷವಾಗಿದ್ದ ಕಾಲ ಅದು. ಹೊಳಲ್ಕೆರೆಯ ಎತ್ತಿನ ವ್ಯಾಪಾರಿ ಮುರುಗಪ್ಪನ ಮಗಳು ಶಿವಗಂಗಮ್ಮನ ಜೊತೆ ಮದುವೆ ಗೊತ್ತಾಗಿತ್ತು. ಹೆಣ್ಣು ನೋಡಲು ಹೋದ ದಿನ ಏಕಾಂತಪ್ಪ ನೋಡಿದ್ದಕ್ಕಿಂತ ಅವಳು ನೋಡಿದ್ದೇ ಹೆಚ್ಚು. ಕಂಬದ ಮರೆಯಲ್ಲಿ ನಿಂತು, ಜಾತ್ರೆಯಲ್ಲಿ ಜೋಡಿ ಎತ್ತು ಆರಿಸುವವರ ಹಾಗೆ ಕಾಲಿನಿಂದ ನೆತ್ತಿಯವರೆಗೆ ಅಳೆದಿದ್ದಳು. ಅಖಾಡದಲ್ಲಿ ಯಾರೂ ಕೆಡವದವನು ಆ ನೋಟಕ್ಕೆ ಅಂಗಾತ ಬಿದ್ದಿದ್ದ. ಅಂದಿನಿಂದ ಅವನಿಗೆ ಊಟ ರುಚಿಸದು, ನಿದ್ದೆ ಹತ್ತದು. ಈಗ ಹಲ್ಲಿನ ದೆಸೆಯಿಂದಲೂ ಊಟ ರುಚಿಸದು, ನಿದ್ದೆ ಹತ್ತದು. ಯಾವುದು ಯಾವುದರಿಂದ ಎಂದು ಅವನಿಗೇ ತಿಳಿಯದಾಯಿತು.

ಪಾರ್ವತಮ್ಮ ಲವಂಗ ಕಚ್ಚಿಸಿದಳು. ಹಿಂದಿನ ಬೀದಿಯವರು ಎಕ್ಕದ ಹಾಲು ಹಚ್ಚಿ ಎಂದರು, ಹಚ್ಚಿದ್ದಕ್ಕೆ ನಾಲಿಗೆಯೂ ಸುಟ್ಟಿತು. ಮಂತ್ರ ಹಾಕುವ ಕಾಟಯ್ಯ ಬೇವಿನ ಮರಕ್ಕೆ ಮೊಳೆ ಹೊಡೆದು, ನೋವನ್ನು ಮರಕ್ಕೆ ಇಳಿಸಿದ್ದೇನೆ, ಇನ್ನು ಮರದ ಪಾಡು ಮರಕ್ಕೆ ಎಂದು ತೆಂಗಿನಕಾಯಿ ತೆಗೆದುಕೊಂಡು ಹೋದ. ಮರ ನೆಮ್ಮದಿಯಾಗಿತ್ತು. ಏಕಾಂತಪ್ಪನ ಕೆನ್ನೆ ಊದುತ್ತಲೇ ಹೋಯಿತು.

ಅದೇ ವಾರ ಸಂತೆ ಬಯಲಲ್ಲಿ ಹಲ್ಲಿನ ಡಾಕ್ಟರು ಡೇರೆ ಹಾಕಿದ್ದ. ಮದ್ರಾಸಿನ ಕಡೆಯ ಆಸಾಮಿ. ಎತ್ತಿನ ಗಾಡಿಯಲ್ಲಿ ಮಡಿಸುವ ಕುರ್ಚಿ, ಒಂದು ಪೆಟ್ಟಿಗೆ ಇಕ್ಕಳ ಹೇರಿಕೊಂಡು ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಸುತ್ತುತ್ತಿದ್ದ. ಹಿರಿಯೂರಿನಲ್ಲಿ ಮೊದಲ ದಿನ ಧರ್ಮಪುರದ ರೈತನೊಬ್ಬ ಹೊಡೆದ ಬೊಬ್ಬೆಗೆ, ಕಾಯುತ್ತಿದ್ದ ನಲವತ್ತು ಜನ ದಿಕ್ಕಾಪಾಲಾಗಿ ಓಡಿದರಂತೆ. ಡಾಕ್ಟರು ಕೂತು ಯೋಚಿಸಿದ. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದು ನಮ್ಮವರು ಗಟ್ಟಿಮೇಳ ಹೊಡೆಸುವುದನ್ನು ಅವನು ಕಂಡಿದ್ದ. ಅಂದಿನಿಂದ ಹೋದ ಊರಲ್ಲೆಲ್ಲ ವಾಲಗದವರನ್ನು ಡೇರೆಯೊಳಗೆ ಕೂರಿಸಿಕೊಂಡ. ಇಕ್ಕಳ ಹಲ್ಲಿಗೆ ತಾಗಿದ ಕೂಡಲೇ ಲಗ್ನದ ಅಯ್ಯನವರ ಹಾಗೆ ತೋರುಬೆರಳು ಎತ್ತುತ್ತಿದ್ದ. ಡೋಲು, ನಾಗಸ್ವರ ಒಟ್ಟಿಗೇ ಎದ್ದು ಬಯಲೆಲ್ಲ ತುಂಬುತ್ತಿತ್ತು. ಒಳಗೆ ಯಾರು ಏನು ಕೂಗಿದರೋ ಶಿವನೇ ಬಲ್ಲ.

ಗರಡಿಯ ಗೆಳೆಯ ಜಂಪಣ್ಣ ಏಕಾಂತಪ್ಪನನ್ನು ಅಲ್ಲಿಗೆ ಎಳೆದುಕೊಂಡು ಹೋದ. ಡಾಕ್ಟರು ಪುಟ್ಟ ಕನ್ನಡಿ ತೂರಿಸಿ ನೋಡಿದ.

"ಇದು ಬುದ್ಧಿಹಲ್ಲು. ಬುದ್ಧಿ ಬರುವ ವಯಸ್ಸಿನಲ್ಲಿ ಬರುವಂಥದು. ತಮ್ಮದು ಅಡ್ಡವಾಗಿ ಬಂದಿದೆ. ಕೀಳದೆ ಬೇರೆ ದಾರಿಯಿಲ್ಲ," ಎಂದ, ಪುಸ್ತಕದ ಕನ್ನಡದಲ್ಲಿ.

"ಅದಕ್ಕೇ ನೋಡು, ನಿನ್ನ ಬುದ್ಧೀನೂ ಅಡ್ಡಾನೇ," ಎಂದು ಜಂಪಣ್ಣ ಬೆನ್ನು ತಟ್ಟಿದ. "ಕುಂತ್ಕ. ನಿನ್ನ ಮುಂದೆ ಮೂರೇ ಜನ ಅವ್ರೆ."

ಮೊದಲನೆಯವನಿಗೆ ಗಟ್ಟಿಮೇಳವಾಯಿತು. ಏಕಾಂತಪ್ಪ ಡೇರೆಯ ಬಾಗಿಲ ಕಡೆಗೆ ಒಂದು ಮೊಳ ಜರುಗಿದ. ಎರಡನೆಯವನಿಗೆ ಆಯಿತು, ಇನ್ನೊಂದು ಮೊಳ ಜರುಗಿದ. ಮೂರನೆಯದಕ್ಕೆ ಡಾಕ್ಟರ ಬೆರಳು ಮೇಲೆದ್ದದ್ದನ್ನು ಕಂಡದ್ದೇ ತಡ, ಪೈಲ್ವಾನ ಕಂಬಿ ಕಿತ್ತ. ಡೇರೆಯ ಹಗ್ಗಕ್ಕೆ ಸಿಕ್ಕಿ ಪೇಟ ಅಲ್ಲೇ ಉಳಿಯಿತು. ಮೆಣಸಿನಕಾಯಿ ರಾಶಿಯನ್ನೂ ಒಬ್ಬ ಮುದುಕಿಯನ್ನೂ ದಾಟಿ, ಸಂತೆಯ ನಡುಮಧ್ಯೆ ಓಡಿದವನು ನಿಂತದ್ದು ಮನೆಯ ಪಡಸಾಲೆಯಲ್ಲೇ.

"ಕೀಳಬಾರದಂತವ್ವ," ಎಂದು ಏದುಸಿರು ಬಿಡುತ್ತ ಹೇಳಿದ. "ಬುದ್ಧಿಹಲ್ಲಂತೆ. ಮದುವೆಗೆ ಮುಂಚೆ ಕಿತ್ರೆ ಬುದ್ಧಿ ಹೋಗ್ತೈತಂತೆ."

"ಹೋದ್ರೆ ಹೋಗ್ಲಿ ಬಿಡು," ಎಂದಳು ಪಾರ್ವತಮ್ಮ. "ಇದ್ದಾಗ ಏನ್ ಕಡಿದು ಗುಡ್ಡೆ ಹಾಕೀಯ."

ಅಲ್ಲಿಗೆ ಮುಗಿಯಿತೆಂದು ಅವನು ತಿಳಿದಿದ್ದ. ಆದರೆ ಆ ದಿನ ಸಂತೆಯಲ್ಲಿ ಬಳೆಗಾರ್ತಿ ನಿಂಗಕ್ಕನೂ ಕೂತಿದ್ದಳು. ನಿಂಗಕ್ಕನ ಗಂಟಿನಲ್ಲಿ ಬಳೆಗಿಂತ ಸುದ್ದಿಯೇ ಹೆಚ್ಚು, ಸುದ್ದಿ ಒಡೆಯದ ಹಾಗೆ ಸಾಗಿಸುವುದರಲ್ಲಿ ಅವಳು ಜಾಣೆ. ಎರಡು ದಿನಕ್ಕೆ ಹೊಳಲ್ಕೆರೆಯಲ್ಲಿ ಮದುಮಗಳಿಗೆ ಬಳೆ ತೊಡಿಸಿದಳು. ಇನ್ನೆರಡು ದಿನಕ್ಕೆ ಹೊಸದುರ್ಗಕ್ಕೆ ಹಿಂತಿರುಗಿ, ಏಕಾಂತಪ್ಪನ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮಜ್ಜಿಗೆ ಕೇಳಿ ಕುಡಿದು, ಆಮೇಲೆ ಹೇಳಿದಳು.

"ಹುಡುಗಿ ಹೇಳಿ ಕಳ್ಸೈತೆ. ಹಲ್ಲು ಮೊದ್ಲು, ತಾಳಿ ಆಮೇಲೆ. ಆ ಹಲ್ಲು ಬಾಯಲ್ಲಿಟ್ಕಂಡು ಬಂದ್ರೆ ಹಸೆಮಣೆಗೆ ತಾನು ಬರಾದಿಲ್ಲವಂತೆ."

"ನನ್ನ ಬಾಯಿ, ನನ್ನ ಹಲ್ಲು. ಅವಳಿಗೇನು?"

"ಅದನ್ನ ನೀವೇ ಕೇಳ್ಕಳ್ರಿ. ನಾನು ಬಳೆ ಮಾರೋಳು."

ಏಕಾಂತಪ್ಪನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಹಸೆಮಣೆಯ ಮೇಲೆ ತಾನೊಬ್ಬನೇ ಕೂತಿರುವ ಚಿತ್ರ ಬಂತು. ಅವಳನ್ನು ಬಿಡುವುದಕ್ಕೂ ಆಗದು, ಇಕ್ಕಳಕ್ಕೆ ಬಾಯಿ ಕೊಡುವುದಕ್ಕೂ ಆಗದು. ಅತ್ತ ದರಿ, ಇತ್ತ ಪುಲಿ. ಇಂಥ ಇಕ್ಕಟ್ಟಿನಲ್ಲಿ ಮನುಷ್ಯ ಗೆಳೆಯನ ಬುದ್ಧಿ ಕೇಳುತ್ತಾನೆ, ಕೆಡುತ್ತಾನೆ.

"ಹಲ್ಲು ತಾನೇ ಬೇಕಾಗಿರಾದು?" ಎಂದ ಜಂಪಣ್ಣ. "ನಮ್ಮ ಕೊಟ್ಟಿಗೇಲಿ ಒಂದು ಬಿದ್ದೈತೆ. ಮೊನ್ನೆ ಹೋರಿಕರ ಉದುರಿಸ್ತು. ಬೆಳ್ಳಗೆ ಐತೆ, ಚೆನ್ನಾಗೈತೆ. ತೊಳೆದು ಕಳ್ಸಾಣ."

ಮದುವೆಯ ಹಿಂದಿನ ಸಂಜೆ ದಿಬ್ಬಣ ಹೊಳಲ್ಕೆರೆ ಸೇರಿತು. ಗಂಡಿನವರಿಗೆ ಮುರುಗಪ್ಪನ ಮನೆಯ ಹಿಂದಿನ ಬೀದಿಯಲ್ಲೇ ಬಿಡದಿ ಕೊಟ್ಟಿದ್ದರು. ಏಕಾಂತಪ್ಪ ಕೆನ್ನೆಗೆ ಜರಿಯ ವಸ್ತ್ರ ಸುತ್ತಿಕೊಂಡು, ಹಲ್ಲು ಕೀಳಿಸಿದ ನೋವು, ಅದಕ್ಕೇ ಊತ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಕರುವಿನ ಹಲ್ಲನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ, ನಿಂಗಕ್ಕನ ಕೈಯಲ್ಲಿ ಮದುಮಗಳಿಗೆ ಕಳಿಸಿದ. ಅವತ್ತು ಗಂಜಿಯ ಒಂದು ಗುಟುಕು ಇಳಿಸುವುದಕ್ಕೂ ಗಂಟಲು ಒಪ್ಪಲಿಲ್ಲ. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ನಿಂಗಕ್ಕ ಅದೇ ಹಳದಿ ಗಂಟನ್ನು ತಂದು ಅವನ ಮುಂದಿಟ್ಟಳು.

"ಏನಂದ್ಲು?"

"ನಾನು ಎತ್ತಿನ ವ್ಯಾಪಾರಿ ಮಗಳು, ಹಲ್ಲು ನೋಡಿ ವಯಸ್ಸು ಹೇಳೋರ ಮನೆಯೋಳು ಅಂದ್ಲು. ಇದು ಕರದ ಹಾಲುಹಲ್ಲು. ಎತ್ತಿಗೆ ಎರಡು ಹಲ್ಲಾದ್ಮೇಲೆ ತಾನೇ ನೊಗ, ಅವ್ರಿಗಿನ್ನೂ ಅದೂ ಆಗಿಲ್ಲ, ಈಗ್ಲೇ ಯಾಕೆ ಅವಸರ, ಇನ್ನೊಂದ್ವರ್ಷ ಮೇಯ್ಲಿ ಅಂದ್ಲು."

ಜಂಪಣ್ಣ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜ ಅಲುಗುತ್ತಿತ್ತು.

ಏಕಾಂತಪ್ಪ ಎದ್ದವನೇ ಹಿತ್ತಲಿಗೆ ಹೋದ. ಬಾಸಿಂಗ ಕಟ್ಟುವ ಹೊತ್ತು ಹತ್ತಿರವಾಗುತ್ತಿತ್ತು, ಚಪ್ಪರದಲ್ಲಿ ಜನ ತುಂಬುತ್ತಿದ್ದರು. ಈ ಊರೂ ಬೇಡ, ಈ ಹೆಣ್ಣೂ ಬೇಡ ಎಂದುಕೊಂಡು ಪಂಚೆ ಎತ್ತಿ ಕಟ್ಟಿ ಹಿತ್ತಲ ಗೋಡೆ ಹತ್ತಿದ. ಒಂದು ಕಾಲು ಆಚೆ ಹಾಕಿದ್ದಾಗ ಕೆಳಗಿನಿಂದ ನಿಂಗಕ್ಕನ ಮಾತು ಕೇಳಿಸಿತು. ಅವಳು ತಡೆಯಲಿಕ್ಕೆ ಬಂದಿರಲಿಲ್ಲ. ಕಲ್ಲಿನ ಮೇಲೆ ಕೂತು ಎಲೆ ಮಡಿಸುತ್ತಿದ್ದಳು.

"ಹಾರ್ರಿ ಪೈಲ್ವಾನ್ರೇ, ಯಾರೂ ಹಿಡ್ಯಲ್ಲ. ಆ ಹುಡುಗಿಗೆ ಒಬ್ಬ ಅಣ್ಣ ಇದ್ದ, ಗೊತ್ತೈತಾ?"

ಗೊತ್ತಿತ್ತು. ಹೋದ ವರ್ಷ ಜ್ವರ ಬಂದು ತೀರಿಕೊಂಡ ಎಂದು ಕೇಳಿದ್ದ.

"ಜ್ವರ ಅಲ್ಲ. ಹಲ್ಲು. ಅವ್ನೂ ನಿಮ್ಮಂಗೇ ಗರಡಿ ಆಳು. ದವಡೆ ಬಾತಿದ್ರೂ ಏನಿಲ್ಲ ಏನಿಲ್ಲ ಅಂದ. ಲವಂಗ ಕಚ್ಕಂಡು, ಮುಖಕ್ಕೆ ವಸ್ತ್ರ ಸುತ್ಕಂಡು ಸುಗ್ಗಿ ಕೆಲ್ಸ ಮಾಡ್ದ. ಒಂದಿನ ನರಳ್ಲಿಲ್ಲ, ಗಂಡಸಲ್ವಾ. ಒಂಬತ್ತನೇ ದಿನ ಬಾವು ಗಂಟ್ಲಿಗೆ ಇಳೀತು. ತಲೆ ಹತ್ರ ಕುಂತು ಬಾಯಿಗೆ ನೀರು ಬಿಟ್ಟಿದ್ದು ಈ ಹುಡುಗೀನೇ. ಒಂದು ಹನಿ ಒಳೀಕೆ ಹೋಗ್ಲಿಲ್ಲ. ಅವಳು ನಿಮ್ಮ ಧೈರ್ಯ ನೋಡಕ್ಕೆ ಹೇಳಿಲ್ಲ, ನಿಮ್ಮುನ್ನ ಉಳಿಸ್ಕಳ್ಳಾಕೆ ಹೇಳೈತೆ."

ಏಕಾಂತಪ್ಪ ಗೋಡೆಯ ಮೇಲೆ ಹಾಗೇ ಕೂತಿದ್ದ. ಬೆರಳು ಮಡಿಸಿದ. ಹಲ್ಲು ಎದ್ದದ್ದು ಸೋಮವಾರ. ಇವತ್ತಿಗೆ ಒಂಬತ್ತು. ಉಗುಳು ನುಂಗಿ ನೋಡಿದ, ಅರ್ಧಕ್ಕೇ ನಿಂತಿತು. ಆ ಕ್ಷಣ ಇಕ್ಕಳದ ಭಯ ಹೋಯಿತೆಂದು ಹೇಳಿದರೆ ಸುಳ್ಳಾದೀತು, ಭಯ ಎಲ್ಲಿಗೂ ಹೋಗಲಿಲ್ಲ. ಆದರೆ ಅವಳು ಇನ್ನೊಂದು ಸಲ ನೀರಿನ ಲೋಟ ಹಿಡಿದು ಕೂರುವುದನ್ನು ನೆನೆದರೆ ಅವನಿಗೆ ತಡೆಯದಾಯಿತು. ಆಚೆ ಹಾಕಿದ ಕಾಲನ್ನು ಈಚೆಗೆ ತೆಗೆದುಕೊಂಡ.

"ಆ ಡಾಕ್ಟ್ರು ಎಲ್ಲವ್ನೆ?"

ಡಾಕ್ಟರು ದೂರ ಇರಲಿಲ್ಲ. ನಾಲ್ಕು ದಿನದಿಂದ ಹೊಳಲ್ಕೆರೆಯ ಗಣಪತಿ ಬಯಲಲ್ಲಿ ಡೇರೆ ಹಾಕಿದ್ದವನು, ಇವತ್ತು ಊರಿನ ಒಂದೇ ಒಂದು ವಾಲಗವೂ ಈ ಮದುವೆಗೆ ಬಂದುಬಿಟ್ಟದ್ದರಿಂದ ಕೆಲಸವಿಲ್ಲದೆ, ಊಟಕ್ಕಾದರೂ ಆಗಲಿ ಎಂದು ಚಪ್ಪರದ ಮೂಲೆಯಲ್ಲಿ ಕೂತಿದ್ದ. ಪೆಟ್ಟಿಗೆ ತೊಡೆಯ ಮೇಲೇ ಇತ್ತು. ಜಂಪಣ್ಣ ಅವನನ್ನು ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದ.

"ಮೇಳವಿಲ್ಲದೆ ನನ್ನ ಕೈ ಓಡುವುದಿಲ್ಲ," ಎಂದ ಡಾಕ್ಟರು.

ವಾಲಗದ ಮುದ್ದಪ್ಪನನ್ನೂ ಅವನ ಡೋಲಿನವನನ್ನೂ ಚಪ್ಪರದಿಂದ ಹಿತ್ತಲ ದಾರಿಯಲ್ಲಿ ಕರೆಸಿದರು. ಏಕಾಂತಪ್ಪನನ್ನು ನಡುಮನೆಯಲ್ಲಿ ಬೋರಲು ಹಾಕಿದ ಕೊಳಗದ ಮೇಲೆ ಕೂರಿಸಿದರು. ಜಂಪಣ್ಣ ಹಿಂದೆ ನಿಂತು ಎರಡೂ ಕೈಯಲ್ಲಿ ತಲೆ ಹಿಡಿದ. ಪಾರ್ವತಮ್ಮ ಮೂಲೆಯಲ್ಲಿ ಕೂತು, ಕಣ್ಣು ಮುಚ್ಚಿ ಲಿಂಗ ಹಿಡಿದುಕೊಂಡಳು.

"ಲೇ, ನಿನ್ನ ಕೈ ಕೊಡೋ," ಎಂದ ಏಕಾಂತಪ್ಪ.

"ನನ್ನವೆರಡೂ ನಿನ್ನ ಬುರುಡೆ ಮ್ಯಾಲವೆ."

ಡಾಕ್ಟರು ಇಕ್ಕಳ ತೂರಿಸಿದ. ಕಬ್ಬಿಣದ ರುಚಿ ನಾಲಿಗೆಗೆ ಹತ್ತಿತು. ತೋರುಬೆರಳು ಮೇಲೆದ್ದಿತು.

ಮುದ್ದಪ್ಪ ಸಾಧಾರಣ ವಾದ್ಯಗಾರನಲ್ಲ. ಡೇರೆಯಲ್ಲಿ ನಾಲ್ಕು ದಿನ ಅಭ್ಯಾಸ ಬೇರೆ ಆಗಿತ್ತು. ಬಿಡದಿ ಮನೆಯ ತೊಲೆಯಿಂದ ಮಣ್ಣು ಉದುರಿತು. ಏಕಾಂತಪ್ಪ ಗಾಳಿಯಲ್ಲಿ ತಡಕಾಡಿದ, ಯಾರದೋ ಒಂದು ಕೈ ಅವನ ಅಂಗೈಯೊಳಗೆ ಬಂತು. ಹಿಡಿದ, ಹಿಂಡಿದ, ಏನೋ ಚಟಚಟ ಎಂದು ಒಡೆಯಿತು. ಹಲ್ಲೇ ಒಡೆಯಿತೆಂದು ತಿಳಿದು, ಹುಟ್ಟಿದಂದಿನಿಂದ ಕೂಗದೇ ಉಳಿಸಿಟ್ಟಿದ್ದನ್ನೆಲ್ಲ ಸೇರಿಸಿ ಒಂದೇ ಸಲ ಕೂಗಿದ. ಆ ಕೂಗು ಮೇಳದೊಳಗೆ ಎಲ್ಲಿ ಹೋಯಿತೋ, ಅವನ ಕಿವಿಗೇ ಕೇಳಿಸಲಿಲ್ಲ.

"ಬಂತು," ಎಂದ ಡಾಕ್ಟರು. ಇಕ್ಕಳದ ತುದಿಯಲ್ಲಿ ಎರಡು ಬೇರಿನ, ಸೊಟ್ಟಗಿನ ಹಲ್ಲು ನೇತಾಡುತ್ತಿತ್ತು.

ಏಕಾಂತಪ್ಪ ಕಣ್ಣು ಬಿಟ್ಟ. ಅವನ ಮುಷ್ಟಿಯೊಳಗಿದ್ದ ಕೈಗೆ ಹಸಿರು ಬಳೆಗಳಿದ್ದವು, ಎರಡು ಚೂರಾಗಿ ಕೆಳಗೆ ಬಿದ್ದಿದ್ದವು. ಕೈಯ ಹಿಂದೆ, ಸೆರಗನ್ನು ಹಣೆಯವರೆಗೆ ಎಳೆದುಕೊಂಡ ಶಿವಗಂಗಮ್ಮ ನಿಂತಿದ್ದಳು. ಇನ್ನೊಂದು ಕರುವಿನ ಹಲ್ಲು ಬರಬಾರದಲ್ಲ, ಕಣ್ಣಾರೆ ನೋಡಿಯೇ ತೀರಬೇಕೆಂದು, ನಿಂಗಕ್ಕನಿಂದ ಸುದ್ದಿ ತಿಳಿದು ಹಿತ್ತಲ ಬಾಗಿಲಿನಿಂದ ಬಂದಿದ್ದಳು. ಅವಳು ಅವನ ಮುಖ ನೋಡಲಿಲ್ಲ. ಡಾಕ್ಟರ ಕೈಯಿಂದ ಹಲ್ಲು ಇಸಿದುಕೊಂಡು, ತಿರುಗಿಸಿ ಬೇರು ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಬಳೆ ಒಡೀತಲ್ಲೇ ತಾಯಿ," ಎಂದು ಪಾರ್ವತಮ್ಮ ಎದೆ ಹಿಡಿದುಕೊಂಡಳು.

"ನನ್ನತ್ರ ಬೇರೆ ಅವೆ," ಎಂದಳು ನಿಂಗಕ್ಕ.

ಇಷ್ಟರಲ್ಲಿ ಚಪ್ಪರದ ಕಡೆಯಿಂದ ಗದ್ದಲ ಕೇಳಿಸಿತು. ಆಗಿದ್ದು ಇಷ್ಟೇ. ಚಪ್ಪರದಲ್ಲಿ ಬೆಳಗಿನಿಂದ ಕೂತು ಹೊಟ್ಟೆ ಚುರುಗುಟ್ಟುತ್ತಿದ್ದ ಮುನ್ನೂರು ಜನಕ್ಕೆ ಗಟ್ಟಿಮೇಳ ಕೇಳಿಸಿತು. ಗಟ್ಟಿಮೇಳ ಕೇಳಿಸಿದರೆ ತಾಳಿ ಬಿತ್ತೆಂದೇ ಅರ್ಥ. ಮುಂದಿನವರ ತಲೆ ಅಡ್ಡ ಇದ್ದುದರಿಂದ ಹಿಂದಿನವರಿಗೆ ಹಸೆಮಣೆ ಕಾಣಲಿಲ್ಲ, ಹಿಂದಿನವರು ಎಸೆದದ್ದನ್ನು ನೋಡಿ ಮುಂದಿನವರೂ ಎಸೆದರು. ಮುನ್ನೂರು ಹಿಡಿ ಅಕ್ಷತೆ ಬರಿಯ ಮಣೆಯ ಮೇಲೂ, ಕಂಕಣದ ದಾರಗಳನ್ನು ಬಿಡಿಸುತ್ತ ಕೂತಿದ್ದ ಮಠದ ಅಯ್ಯನವರ ತಲೆಯ ಮೇಲೂ ಸುರಿಯಿತು. ಮುತ್ತೈದೆಯರು ನೂರು ವರ್ಷ ಬಾಳಿ ಎಂದು ಅಯ್ಯನವರನ್ನೇ ಹರಸಿದರು. ಆಮೇಲೆ ಎಲ್ಲರೂ ಎದ್ದು ಪಂಕ್ತಿಗೆ ನುಗ್ಗಿದರು, ಅಡುಗೆಯವರು ಬಡಿಸಿಯೂಬಿಟ್ಟರು.

ಮುರುಗಪ್ಪ ರುಮಾಲು ಜಾರಿಸಿಕೊಂಡು ಬಿಡದಿಗೆ ಓಡಿ ಬಂದ, ಹಿಂದೆ ಅಯ್ಯನವರು. ಒಳಗೆ ಅಳಿಯನ ಬಾಯಲ್ಲಿ ರಕ್ತದ ಹತ್ತಿ, ಮಗಳ ಕೈ ಇನ್ನೂ ಅಳಿಯನ ಕೈಯಲ್ಲಿ.

"ಬುದ್ಧಿ, ಏನ್ ಗತಿ ಈಗ," ಎಂದು ಮುರುಗಪ್ಪ ಅಯ್ಯನವರ ಮುಂದೆ ಕೈ ಮುಗಿದ. "ಮೇಳ ಆಗೋತು, ಅಕ್ಷತೆ ಆಗೋತು, ಊಟಾನೂ ಆಗ್ತೈತೆ. ತಾಳಿ ನೋಡಿದ್ರೆ ತಟ್ಟೇಲೇ ಐತೆ."

ಅಯ್ಯನವರು ಗಡ್ಡದಿಂದ ಒಂದೊಂದೇ ಅಕ್ಕಿಕಾಳು ಆರಿಸಿ ತೆಗೆದರು. ಆಮೇಲೆ ಮಿಕ್ಕಿದ್ದನ್ನೆಲ್ಲ ಕೊಡವಿ ಇಬ್ಬರ ತಲೆಯ ಮೇಲೆ ಹಾಕಿದರು.

"ಮೇಳ ಆಗೈತೆ, ಅಕ್ಷತೆ ಬಿದ್ದೈತೆ, ಕೈ ಹಿಡಿದೂ ಆಗೈತೆ. ಲಗ್ನದ ಹೊತ್ತು ಇನ್ನೂ ಮೀರಿಲ್ಲ. ಉಳಿದಿರಾದು ಮೂರು ಗಂಟು. ಬರ್ರಿ, ಹಾಕಿ ಮುಗ್ಸಾಣ. ಹೋಳಿಗೆ ತಣ್ಣಗಾಗ್ತೈತೆ."

ನಿಂಗಕ್ಕ ಹೊಸ ಬಳೆ ತೊಡಿಸಿದಳು. ಇಬ್ಬರೂ ಹಸೆಮಣೆಗೆ ಬಂದು ಕೂತರು. ಚಪ್ಪರ ಖಾಲಿಯಾಗಿತ್ತು. ಅಯ್ಯನವರು ತೋರುಬೆರಳು ಎತ್ತಿದರು. ಏಕಾಂತಪ್ಪ ತಟ್ಟನೆ ಕೆನ್ನೆ ಮುಚ್ಚಿಕೊಂಡ. ಏನೂ ಬಾರಿಸಲಿಲ್ಲ. ಮುದ್ದಪ್ಪ ಪಂಕ್ತಿಯ ಮೊದಲನೆಯ ಎಲೆಯಲ್ಲಿ ಕೂತು, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು, ಇಲ್ಲಿಂದಲೇ ಆಗಲಿ ಎಂದು ಕೈ ಬೀಸಿದ.

ಮೇಳವಿಲ್ಲದೆಯೇ ಏಕಾಂತಪ್ಪ ತಾಳಿ ಕಟ್ಟಿದ. ಮೂರನೆಯ ಗಂಟು ಹಾಕುವಾಗ ಅವಳ ಕಿವಿಯ ಹತ್ತಿರ ಬಗ್ಗಿ, ಹತ್ತಿ ತುಂಬಿದ ಬಾಯಲ್ಲೇ ಕೇಳಿದ.

"ಅಲ್ಲಿ ನಾನು ಕೂಗಿದ್ದು ನಿನಗೇನಾದ್ರೂ ಕೇಳಿಸ್ತಾ?"

"ಅವ್ವಾ ಅಂದ್ರಿ. ಆಮೇಲೆ ಡಾಕ್ಟ್ರ ತಾಯೀನೂ ಸೇರ್ಸಿ ಏನೇನೋ ಅಂದ್ರಿ. ನಾನೊಬ್ಳೇ ಕೇಳಿದ್ದು."

"ಯಾರಿಗೂ ಹೇಳ್ಬ್ಯಾಡ. ಗರಡೀಲಿ ಮರ್ಯಾದೆ ಹೋಗ್ತೈತೆ."

ಶಿವಗಂಗಮ್ಮ ಸೆರಗಿನ ತುದಿಯ ಗಂಟನ್ನು ಮುಟ್ಟಿ ನೋಡಿಕೊಂಡಳು.

"ಹೇಳಲ್ಲ," ಎಂದಳು. "ನಮ್ಮಣ್ಣನೂ ಹಿಂಗೇ ಒಂದ್ಸಲ ಕೂಗಿದ್ದಿದ್ರೆ ಸಾಕಾಗಿತ್ತು."

ಗಟ್ಟಿಮೇಳ ಇರಲಿಲ್ಲವಾದ್ದರಿಂದ ಆ ಮಾತು ಅವನಿಗೆ ಪೂರ್ತಿ ಕೇಳಿಸಿತು.